ಹಾವಸೆ ಹಿಡಿದ ಕಲ್ಲು: ನನ್ನ ಮಲಾವಿ ತೊಟ್ಟಿಯ ಕಥೆ

ಮೊದಲ ಸಲ ನಾನು ಸಿಕ್ಲಿಡ್ ಎಂಬ ಬಣ್ಣದ ಮೀನುಗಳಿಗೆ ಮಾಡಿದ ತೊಟ್ಟಿಯಲ್ಲಿ ಸಿಕ್ಲಿಡ್‌ಗಳಿಗೆ ಬೇಕಾದದ್ದು ನೀರೊಂದನ್ನು ಬಿಟ್ಟರೆ ಏನೂ ಇರಲಿಲ್ಲ. ಆ ನೀರೂ ಸರಿಯಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

'ಸಹಜವಾಗಿ ಕಾಣಬೇಕು' ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ನೀರಿನೊಳಗಿನ ಸಹಜ ಅಂದರೆ ನನ್ನ ಕಣ್ಣಿಗೆ ಕಟ್ಟುತ್ತಿದ್ದದ್ದು ಒಂದೇ ಚಿತ್ರ: ಹಸಿರು ಗಿಡ, ಅಡ್ಡ ಬಿದ್ದ ಒಣ ಮರದ ಬೇರು, ಬೆಳ್ಳಗಿನ ಮರಳು. ಹಾಗೇ ಮಾಡಿದೆ. ಬಣ್ಣ ನೋಡಿ ಮೀನು ಆರಿಸಿದೆ. ಹಳದಿ ಒಂದು, ನೀಲಿ ಒಂದು, ಕಿತ್ತಳೆ ಒಂದು, ಯಾವ ಸರೋವರದ್ದು ಏನು ತಿನ್ನುತ್ತದೆ ಎಂದು ವಿಚಾರಿಸಲಿಲ್ಲ. ವಾರ ಕಳೆಯುವುದರೊಳಗೆ ಗಿಡಗಳೆಲ್ಲ ಬುಡಸಮೇತ ತೇಲುತ್ತಿದ್ದವು. ಮರದ ಬೇರು ನೀರಿಗೆ ಕಂದು ಬಣ್ಣ ಬಿಟ್ಟಿತು, ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 6.8ಕ್ಕೆ ಇಳಿಯಿತು. ಬಿಳಿ ಮರಳಿನ ಮೇಲೆ ಮೀನುಗಳ ಬಣ್ಣವೇ ಮಾಸಿಹೋಯಿತು. ಕೆಳಗೆ ಬೆಳಕಾದರೆ ತಮ್ಮ ಬಣ್ಣವನ್ನೂ ತಿಳಿ ಮಾಡಿಕೊಳ್ಳುವುದು ಅವುಗಳ ಜಾಯಮಾನ. ಪ್ರೀತಿ ಜಾಸ್ತಿಯಾಗಿ ದಿನಕ್ಕೆ ಮೂರು ಹೊತ್ತು ಹುಳು ಹಾಕುತ್ತಿದ್ದೆ. ಎರಡು ಮೀನಿನ ಹೊಟ್ಟೆ ಊದಿಕೊಂಡಿತು, ಬಿಳಿ ನೂಲಿನಂಥ ಮಲ ಜೋತುಬಿತ್ತು, ಮೂರೇ ದಿನದಲ್ಲಿ ಸತ್ತವು. ಸಾಕುವವರು ಇದಕ್ಕೆ ಮಲಾವಿ ಬ್ಲೋಟ್ ಅನ್ನುತ್ತಾರೆ. ಕಾರಣ ಒಂದೇ ಅಂತ ಹೇಳಲಾಗದು. ತಪ್ಪು ಆಹಾರ, ಕೆಟ್ಟ ನೀರು, ಜಗಳದ ಒತ್ತಡ, ನನ್ನ ತೊಟ್ಟಿಯಲ್ಲಿ ಮೂರಕ್ಕೂ ಕೊರತೆಯಿರಲಿಲ್ಲ.

ಕೊನೆಗೆ ಉಳಿದದ್ದು ಒಂದೇ ಒಂದು, ನಿಂಬೆ ಹಳದಿಯ ಲ್ಯಾಬಿಡೋಕ್ರೋಮಿಸ್ ಸೆರುಲಿಯಸ್. ಸೆರುಲಿಯಸ್ ಅಂದರೆ ನೀಲಿ! 1956ರಲ್ಲಿ ವಿಜ್ಞಾನಿಗಳು ಮೊದಲು ವರ್ಣಿಸಿದ ಮೀನು ಬಿಳಿ-ನೀಲಿ ಬಗೆಯದು. ಸರೋವರದ ಒಂದು ಚಿಕ್ಕ ದಂಡೆಯಲ್ಲಷ್ಟೇ ಇರುವ ಹಳದಿ ಬಗೆ ಆಮೇಲೆ ಸಿಕ್ಕಿ ಲೋಕಪ್ರಸಿದ್ಧವಾಯಿತು. ಹೆಸರು ಹೋಗಿ ನೀಲಿಯಾಗೇ ಉಳಿಯಿತು. ಆ ಮೀನನ್ನು ಗೆಳೆಯನೊಬ್ಬನ ದೊಡ್ಡ ತೊಟ್ಟಿಗೆ ಬಿಟ್ಟು, ನಾನು ಎಲ್ಲ ಬರಿದು ಮಾಡಿ ಕೂತೆ.

ಆಮೇಲೆ ಒಂದು ತಿಂಗಳು ಮೀನಿನ ಸಹವಾಸಕ್ಕೆ ಹೋಗಲಿಲ್ಲ. ಮಲಾವಿ ಸರೋವರದ ಅಡಿಯಲ್ಲಿ ಮುಳುಗಿ ತೆಗೆದ ವಿಡಿಯೋಗಳನ್ನು ನೋಡುತ್ತ ಕೂತೆ. ಮಲಾವಿ, ಮೊಜಾಂಬಿಕ್, ತಾಂಜಾನಿಯಾ ಮೂರೂ ದೇಶಗಳ ನಡುವೆ ಐನೂರೈವತ್ತು ಕಿಲೋಮೀಟರಿಗೂ ಉದ್ದವಾಗಿ ಚಾಚಿಕೊಂಡ ನೀರು ಅದು. ಎಲ್ಲಕ್ಕಿಂತ ಆಳದ ಕಡೆ 700 ಮೀಟರ್. ಅಲ್ಲಿಯ ಸಿಕ್ಲಿಡ್ ಪ್ರಭೇದಗಳು ಎಂಟುನೂರಕ್ಕೂ ಹೆಚ್ಚು ಎಂಬ ಅಂದಾಜಿದೆ, ಹೆಚ್ಚಿನವು ಬೇರೆಲ್ಲೂ ಇಲ್ಲ. ದಕ್ಷಿಣ ತುದಿಯ ಕೇಪ್ ಮ್ಯಾಕ್ಲಿಯರ್ ಸುತ್ತಲಿನ ನೀರು 1980ರಿಂದ ರಾಷ್ಟ್ರೀಯ ಉದ್ಯಾನ, 1984ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಇದೆಲ್ಲ ಸರಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಲ್ಲು. ವಿಡಿಯೋದಲ್ಲಿ ಎಲ್ಲಿ ನೋಡಿದರೂ ಗುಂಡುಬಂಡೆ. ಆನೆಯಷ್ಟು ದೊಡ್ಡವು, ಅವುಗಳ ಸಂದಿಗೆ ಉರುಳಿ ಬಿದ್ದ ಕುರಿಯಷ್ಟರವು, ಅವುಗಳ ಬುಡದಲ್ಲಿ ಮುಷ್ಟಿಗಾತ್ರದ ಚೂರು. ಮರವಿಲ್ಲ. ಗಿಡ ಇದ್ದರೆ ದೂರದ ಮರಳಿನಲ್ಲಿ ವ್ಯಾಲಿಸ್ನೇರಿಯಾದ ಒಂದು ಹುಲ್ಲುಗಾವಲು. ಬಂಡೆಗಳ ಮೇಲೆಲ್ಲ ಬೂದು-ಕಂದು ಮಿಶ್ರಿತ ಪಾಚಿಯ ತುಪ್ಪಳ. ಅದರ ಮೇಲೆ ತಲೆ ಕೆಳಗು ಮಾಡಿ ಕುಟುಕುತ್ತಿದ್ದ ನೂರಾರು ಮೀನು. ದಂಡೆಯ ಟೋಂಗಾ ಜನರ ಮಾತಿನಲ್ಲಿ ಇವುಗಳ ಹೆಸರು ಎಂಬುನಾ, ಕಲ್ಲುಮೀನು ಎಂದೇ ಅರ್ಥ.

ನಿಜ ಹೇಳಬೇಕೆಂದರೆ ಮೊದಲ ನೋಟಕ್ಕೆ ಅದು ಚೆಂದ ಕಾಣಲಿಲ್ಲ. ಯಾರೂ ತೊಳೆಯದ ಹಳೇ ತೊಟ್ಟಿಯಂತಿತ್ತು.

ಹೊಸ ತೊಟ್ಟಿಯ ಅಳತೆ 120×45×45 ಸೆಂಟಿಮೀಟರ್. ಲೆಕ್ಕದಲ್ಲಿ 243 ಲೀಟರ್. ಎತ್ತರಕ್ಕಿಂತ ಉದ್ದ ಅಗಲಗಳಿಗೆ ಬೆಲೆ ಕೊಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಎಂಬುನಾಗಳು ಹಂಚಿಕೊಳ್ಳುವುದು ನೆಲವನ್ನು, ನೀರಿನ ಎತ್ತರವನ್ನಲ್ಲ. ಕಲ್ಲು, ಮರಳು, ಗಾಜು, ನೀರು ಎಲ್ಲ ಸೇರಿ ಭಾರ ಮುನ್ನೂರು ಕಿಲೋ ದಾಟುತ್ತದೆ. ಸ್ಟ್ಯಾಂಡಿನ ನಾಲ್ಕೂ ಮೂಲೆಗೆ ರಸಮಟ್ಟ ಇಟ್ಟು ನೋಡಿದೆ. ಒಂದು ಮೂಲೆ ಮೂರು ಮಿಲಿಮೀಟರ್ ತಗ್ಗಿತ್ತು, ಅಡಿಗೆ ಚೂರು ಕೊಟ್ಟು ಸರಿ ಮಾಡಿದೆ. ಹಿಂಬದಿಯ ಗಾಜಿಗೆ ಹೊರಗಿನಿಂದ ಹೊಳಪಿಲ್ಲದ ಕಡುನೀಲಿ ಬಣ್ಣ ಬಳಿದೆ. ಬಂಡೆಯ ಆಕಾರದ ಫೋಮ್ ಹಿನ್ನೆಲೆಗಳು ಸಿಗುತ್ತವೆ, ಆದರೆ ಅವುಗಳ ಹಿಂದೆ ಮೀನು ಸಿಕ್ಕಿಕೊಂಡರೆ ತೆಗೆಯಲು ಎಲ್ಲ ಕೀಳಬೇಕು.

ಇನ್ನು ಕಲ್ಲು. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇದರ ಜೊತೆಯೇ.

ಒಂದೇ ಜಾತಿಯ ಕಲ್ಲು ಅಂತ ಮೊದಲೇ ನಿರ್ಧರಿಸಿದ್ದೆ. ನಾಲ್ಕು ಬಣ್ಣದ ಕಲ್ಲು ಒಟ್ಟು ಹಾಕಿದರೆ ಅದು ಪ್ರದರ್ಶನದಂತೆ ಕಾಣುತ್ತದೆ, ಸರೋವರದಂತೆ ಕಾಣುವುದಿಲ್ಲ. ನನಗೆ ಸಿಕ್ಕಿದ್ದು ಅಂಚು ಸವೆದ ಬೂದು ಗ್ರಾನೈಟ್, ಸುಮಾರು 60 ಕಿಲೋ. ಪ್ರತಿ ಕಲ್ಲಿನ ಮೇಲೂ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿದೆ. ನೊರೆ ಬಂದರೆ ಸುಣ್ಣದಂಶ ಇದೆ ಎಂದರ್ಥ. ಮೆದು ನೀರಿನ ಮೀನಿಗೆ ಅದು ತೊಂದರೆ, ಇವಕ್ಕೆ ಲಾಭವೇ. ನನ್ನ ಕಲ್ಲು ನೊರೆಯಲಿಲ್ಲ, ಗ್ರಾನೈಟ್ ನೀರಿನ ಗುಣಕ್ಕೆ ಕೈ ಹಾಕುವುದಿಲ್ಲ. ತುಕ್ಕಿನಂಥ ಗೆರೆಯಿದ್ದ ಎರಡು ಕಲ್ಲನ್ನು ಮಾತ್ರ ಬದಿಗಿಟ್ಟೆ. ಕಲ್ಲನ್ನು ಪಾತ್ರೆಯಲ್ಲಿ ಕುದಿಸಿ ಅಂತ ಕೆಲವರು ಹೇಳುವುದುಂಟು. ಬೇಡ. ಒಳಗೆ ಸೇರಿಕೊಂಡ ನೀರು ಆವಿಯಾದರೆ ಕಲ್ಲು ಸಿಡಿಯಬಹುದು. ಬ್ರಶ್ಶಿನಿಂದ ಉಜ್ಜಿ, ಮೇಲಿಂದ ಬಿಸಿನೀರು ಸುರಿದರೆ ಸಾಕು.

ನೆಲದ ಮೇಲೆ ಸೀಮೆಸುಣ್ಣದಿಂದ 120ಕ್ಕೆ 45ರ ಚೌಕ ಬರೆದೆ. ಅದರೊಳಗೆ ಮೂರು ದಿನ ಕಲ್ಲು ಪೇರಿಸಿದೆ, ಕೆಡವಿದೆ, ಮತ್ತೆ ಪೇರಿಸಿದೆ. ಮನೆಯವರು ದಾಟಿಕೊಂಡು ಓಡಾಡಿದರು. ಮೊದಲ ದಿನ ನಾನು ಕಟ್ಟಿದ್ದು ಪಕ್ಕಾ ಗೋಡೆ, ಮನುಷ್ಯನ ಕೈ ಎದ್ದು ಕಾಣುತ್ತಿತ್ತು. ಎರಡನೇ ದಿನ ಎರಡು ಕಡೆ ಸಮಸಮ ಗುಡ್ಡ, ಅದು ಒಂಟೆಯ ಬೆನ್ನಾಯಿತು. ಮೂರನೇ ದಿನ ಬೇಸತ್ತು ದೊಡ್ಡ ನಾಲ್ಕು ಕಲ್ಲನ್ನು ಎಡಗಡೆಗೆ ಒತ್ತಿ ಇಟ್ಟು, ನಡುಗಾತ್ರದವನ್ನು ಅವುಗಳ ಮೇಲಿಂದ ಮೆಲ್ಲಗೆ ಜಾರಿಬಿಟ್ಟೆ. ಎಲ್ಲಿ ನಿಂತವೋ ಅಲ್ಲೇ ಬಿಟ್ಟೆ. ದೂರ ನಿಂತು ನೋಡಿದರೆ, ಹೌದು, ಗುಡ್ಡ ಕುಸಿದ ಜಾಗವೇ! ಬಲತುದಿಯಲ್ಲಿ ಖಾಲಿ ನೆಲ ಉಳಿಯಿತು. ಎಡದಿಂದ ಬಲಕ್ಕೆ ಕಲ್ಲಿನ ಗಾತ್ರ ಇಳಿಯುತ್ತ ಹೋಗಿ ಮರಳಿನಲ್ಲಿ ಮುಗಿಯುವ ಹಾಗೆ. ಫೋಟೋ ತೆಗೆದು, ಕಲ್ಲಿಗೆಲ್ಲ ಸೀಮೆಸುಣ್ಣದಲ್ಲಿ ನಂಬರ್ ಹಾಕಿದೆ. ತೊಟ್ಟಿಯೊಳಗೆ ಅದೇ ಜೋಡಣೆ ಬರಲಿಲ್ಲ ಬಿಡಿ, ಹತ್ತಿರ ಹತ್ತಿರ ಬಂತು.

ಮೊದಲ ತೊಟ್ಟಿಯಲ್ಲಿ ಮಾಡಿದ್ದ ಇನ್ನೊಂದು ತಪ್ಪು ಇಲ್ಲಿ ನೆನಪಾಯಿತು. ಆಗ ಮರಳು ಹರವಿ, ಅದರ ಮೇಲೆ ಕಲ್ಲು ಇಟ್ಟಿದ್ದೆ. ಸಿಕ್ಲಿಡ್‌ಗಳು ಬುಡದ ಮರಳನ್ನು ಬಾಯಲ್ಲಿ ತುಂಬಿ ತುಂಬಿ ಹೊರಹಾಕಿ, ಒಂದು ರಾತ್ರಿ ಮೇಲಿನ ಕಲ್ಲು ಜಾರಿ ಗಾಜಿಗೆ ಬಡಿದಿತ್ತು. ಆ ಸದ್ದಿಗೆ ಎದ್ದು ಓಡಿ ಬಂದಾಗ ಜೀವ ಬಾಯಿಗೆ ಬಂದಿತ್ತು. ಗಾಜು ಒಡೆಯಲಿಲ್ಲ, ಉದ್ದನೆಯ ಗೀರು ಮಾತ್ರ ಬಿತ್ತು. ಈ ಸಲ ತಳದ ಗಾಜಿನ ಮೇಲೆ ಮೊದಲು ಪ್ಲಾಸ್ಟಿಕ್ಕಿನ ಚೌಕುಳಿ ಜಾಲರಿ ಹಾಸಿದೆ. ಅದರ ಮೇಲೆ ನೇರವಾಗಿ ದೊಡ್ಡ ಕಲ್ಲು. ಪ್ರತಿಯೊಂದೂ ಕನಿಷ್ಠ ಮೂರು ಕಡೆ ಊರಬೇಕು, ಬೆರಳಿನಿಂದ ತಳ್ಳಿದರೆ ಅಲ್ಲಾಡಬಾರದು. ಕಲ್ಲು ಗಟ್ಟಿಯಾದ ಮೇಲೆಯೇ ಸಂದಿಗಳಿಗೆ ಮರಳು. ಮೀನು ಎಷ್ಟು ಬೇಕಾದರೂ ಅಗೆಯಲಿ, ಕಲ್ಲು ಕದಲದು.

ಮರಳಿಗೆ ಬಿಳಿ ಬೇಡ ಅಂದುಕೊಂಡಿದ್ದೆ. ಮಾಸಲು ಕಂದು, ಕಾಳು ಸ್ವಲ್ಪ ಹೆಚ್ಚುಕಡಿಮೆ ಇರುವಂಥದ್ದು, 30 ಕಿಲೋ. ತೊಳೆಯುವ ಕೆಲಸದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಅರ್ಧ ಬಕೆಟ್ ಮರಳು, ತುಂಬ ನೀರು, ಕೈ ಹಾಕಿ ಕಲಕು, ಚೆಲ್ಲು. ಮೊದಲ ನೀರು ಮಳೆಗಾಲದ ಹೊಳೆಯ ಬಣ್ಣ. ಹತ್ತನೇ ಸಲಕ್ಕೂ ತಿಳಿಯಾಗಿರಲಿಲ್ಲ. ಮಧ್ಯಾಹ್ನ ಶುರುಮಾಡಿದ್ದು ಕತ್ತಲಾಗುವ ಹೊತ್ತಿಗೆ ಮುಗಿಯಿತು, ಬೆರಳ ತುದಿಯ ಚರ್ಮ ಸುಲಿದಿತ್ತು.

ನೀರು ತುಂಬಿದ ಮೇಲೆ ಒಂದು ಸಣ್ಣ ಲೆಕ್ಕ. 60 ಕಿಲೋ ಗ್ರಾನೈಟ್ ಸುಮಾರು 23 ಲೀಟರ್ ಜಾಗ ತಿನ್ನುತ್ತದೆ, ಮರಳು ಇನ್ನೊಂದು 11. ಮೇಲೆ ಬಿಟ್ಟ ಎರಡು ಬೆರಳು ಕಳೆದರೆ ನನ್ನ '243 ಲೀಟರ್' ತೊಟ್ಟಿಯಲ್ಲಿ ನಿಜವಾಗಿ ಇರುವ ನೀರು 190 ಲೀಟರ್ ಆಸುಪಾಸು. ಕ್ಲೋರಿನ್ ತೆಗೆಯುವ ದ್ರಾವಣವಾಗಲಿ, ಉಪ್ಪಾಗಲಿ ಹಾಕುವಾಗ ಈ ಸಂಖ್ಯೆ ಹಿಡಿಯಬೇಕು.

ನಲ್ಲಿಯ ನೀರು ಮೆದುವಾಗಿತ್ತು: ಪಿಎಚ್ 7.1, ಕೆಎಚ್ (ಪಿಎಚ್ ಏರಿಳಿಯದಂತೆ ಹಿಡಿಯುವ ಕಾರ್ಬೊನೇಟ್ ಗಡಸುತನ) 3. ಮಲಾವಿ ಸರೋವರದ ಪಿಎಚ್ 7.7ರಿಂದ 8.8ರವರೆಗೆ ಇರುತ್ತದೆ. ಫಿಲ್ಟರಿನ ಒಂದು ಅಂತಸ್ತಿಗೆ ಪುಡಿ ಹವಳ ತುಂಬಿದೆ. ಅದು ನಿಧಾನವಾಗಿ ಕರಗುತ್ತ ಏರಿಸುತ್ತದೆ. ಉಳಿದದ್ದಕ್ಕೆ ಅಡಿಗೆ ಸೋಡಾ. ನೂರು ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ಕೆಎಚ್ ಗಟ್ಟಿಯಾದರೆ ಪಿಎಚ್ ತಾನಾಗಿ ಒಂದು ಕಡೆ ನಿಲ್ಲುತ್ತದೆ. ನನ್ನದು 8.2ಕ್ಕೆ ನಿಂತಿತು. ಅದನ್ನು 8.6ಕ್ಕೆ ಎಳೆಯುವ ಹಟಕ್ಕೆ ಹೋಗಲಿಲ್ಲ. ಸಂಖ್ಯೆ ಸ್ವಲ್ಪ ಕಡಿಮೆಯಿದ್ದರೆ ಮೀನು ಸಹಿಸಿಕೊಳ್ಳುತ್ತದೆ, ವಾರವಾರವೂ ಕುಣಿದರೆ ಸಹಿಸುವುದಿಲ್ಲ.

ಆಮೇಲಿನದ್ದು ಕಾಯುವ ಕೆಲಸ. ಮೀನು ಹೊರಬಿಡುವ ವಿಷ ಅಮೋನಿಯಾ. ಮೀನಿಲ್ಲದೆ ಅದರ ದ್ರಾವಣ ಹಾಕಿ, ಅದನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ಬಿಡುವುದು. ಈ ಮೀನುಗಳ ವಿಷಯದಲ್ಲಿ ಇಲ್ಲಿ ಅವಸರ ಕೂಡದು, ಅದಕ್ಕೆ ಕಾರಣವಿದೆ. ನೀರಿನಲ್ಲಿರುವ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಪಿಎಚ್ 7ರಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. 8.2ರಲ್ಲಿ ಅದೇ ಎಂಟೊಂಬತ್ತು. ಮೆದು ನೀರಿನ ತೊಟ್ಟಿಯಲ್ಲಿ ನಡೆದುಹೋಗುವ ತಪ್ಪು ಇಲ್ಲಿ ಮೀನನ್ನು ಕೊಲ್ಲುತ್ತದೆ. ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಅಮೋನಿಯಾ ಹಾಕುತ್ತ, ದಿನಾ ಸಂಜೆ ಪರೀಕ್ಷಾ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನೈಟ್ರೈಟಿನ ನೇರಳೆ ಬಣ್ಣ ಎರಡು ವಾರ ಇಳಿಯಲೇ ಇಲ್ಲ. ಮೂವತ್ತೆಂಟನೇ ದಿನ ಹಾಕಿದ ಅಮೋನಿಯಾ ಮರುದಿನಕ್ಕೆ ಪೂರ್ತಿ ಸೊನ್ನೆ, ನೈಟ್ರೈಟೂ ಸೊನ್ನೆ.

ಅಷ್ಟರಲ್ಲಿ ಇನ್ನೊಂದು ಕಥೆ ನಡೆದಿತ್ತು. ನಾಲ್ಕನೇ ವಾರ ಕಲ್ಲು, ಮರಳು, ಗಾಜು ಎಲ್ಲದರ ಮೇಲೂ ಕಂದು ಧೂಳು ಕೂತಿತು. ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಹೊಸ ತೊಟ್ಟಿಗಳಲ್ಲಿ ಮಾಮೂಲಿ. ನನಗೆ ಹೊಟ್ಟೆ ಉರಿಯಿತು. ಮೂರು ದಿನ ಕೂತು ಪೇರಿಸಿದ ಕಲ್ಲುಗಳಲ್ಲಿ ಮೇಲಿನ ಆರನ್ನು ಎತ್ತಿ, ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತಿಕ್ಕಿ ತೊಳೆದು ಮತ್ತೆ ಇಟ್ಟೆ. ಒಂದೇ ವಾರಕ್ಕೆ ಮತ್ತೆ ಬಂತು. ಮತ್ತೆ ತೊಳೆದೆ. ಮೂರನೇ ಸಲ ತೋಳು ಮಡಚಿ ಕೈಯಲ್ಲಿ ಕಲ್ಲು ಹಿಡಿದು ನಿಂತಾಗ, ಹಿಂದೆ ಓಡುತ್ತಿದ್ದ ವಿಡಿಯೋದ ಕಡೆ ಕಣ್ಣು ಹೋಯಿತು. ಅದೇ ಸರೋವರ, ಅದೇ ಬಂಡೆ. ತೊಳೆದ ಕಲ್ಲು ಅಲ್ಲಿ ಒಂದೂ ಇಲ್ಲ! ತಿಂಗಳುಗಟ್ಟಲೆ ಅದನ್ನೇ ನೋಡಿದ್ದೆ, ನೋಡಿಯೂ ಕಂಡಿರಲಿಲ್ಲ.

ಆ ತುಪ್ಪಳಕ್ಕೆ ಜರ್ಮನ್ ಭಾಷೆಯಿಂದ ಬಂದ ಔಫ್‌ವುಕ್ಸ್ ಎಂಬ ಹೆಸರಿದೆ, ಮೇಲೆ ಬೆಳೆದದ್ದು ಅಂತ. ನಮ್ಮ ಹಾವಸೆ ಅನ್ನುವ ಮಾತು ಸಾಕು. ಪಾಚಿ, ಅದರೊಳಗೆ ಅಡಗಿದ ಸೂಕ್ಷ್ಮ ಹುಳು, ಸಿಗಡಿಯ ಜಾತಿಯ ಚಿಕ್ಕ ಜೀವಿ, ಎಲ್ಲ ಸೇರಿದ ಹಾಸು. ಎಂಬುನಾಗಳು ಹಗಲೆಲ್ಲ ಅದನ್ನೇ ಕೆರೆಯುತ್ತವೆ. ಅವುಗಳ ಹಲ್ಲು, ಉದ್ದನೆಯ ಕರುಳು ಎಲ್ಲ ಅದಕ್ಕೆ ಒಗ್ಗಿದ್ದು. ಅಂದರೆ ನಾನು ಎರಡು ಸಲ ಉಜ್ಜಿ ಚರಂಡಿಗೆ ಕಳಿಸಿದ್ದು ಅವುಗಳ ಹೊಲವನ್ನು. ಕೈಯಲ್ಲಿದ್ದ ಕಲ್ಲನ್ನು ಹಾಗೇ ಒಳಗಿಟ್ಟೆ. ದೀಪದ ಹೊತ್ತನ್ನು ಆರರಿಂದ ಒಂಬತ್ತು ಗಂಟೆಗೆ ಏರಿಸಿದೆ. ತಿಂಗಳೊಪ್ಪತ್ತಿನಲ್ಲಿ ಕಂದು ಹಿಂದೆ ಸರಿದು, ಗಿಡ್ಡ ಮಖಮಲ್ಲಿನಂಥ ಹಸಿರು ಹತ್ತಿತು.

ದೀಪ ಒಂದೇ, ಎಡತುದಿಗೆ. ಚಿಕ್ಕ ಪ್ರಖರ ಎಲ್‌ಇಡಿ. ಮೇಲೆ ಫಿಲ್ಟರಿನ ನೀರು ಅಲೆಯೆಬ್ಬಿಸುವುದರಿಂದ ಮರಳಿನ ಮೇಲೆ ಬೆಳಕಿನ ಬಲೆ ಹೊಯ್ದಾಡುತ್ತದೆ, ಬಲಗಡೆ ಮೂರನೇ ಒಂದು ಪಾಲು ಮಬ್ಬು. ಇಡೀ ತೊಟ್ಟಿಗೆ ಸಮನಾಗಿ ಬೆಳಕು ಚೆಲ್ಲಿದ್ದರೆ ಈ ಆಳ ಬರುತ್ತಿರಲಿಲ್ಲ.

ಮೀನಿನ ಆಯ್ಕೆಯಲ್ಲಿ ಈ ಸಲ ನಾಲಿಗೆ ಕಚ್ಚಿಕೊಂಡು ಕೂತೆ. ಒಂದೇ ಪ್ರಭೇದ: ಸೌಲೋಸಿ. 2016ರವರೆಗೆ ಸ್ಯೂಡೋಟ್ರೋಫಿಯಸ್ ಎಂಬ ಕುಲದಲ್ಲಿತ್ತು, ಈಗ ಚಿಂಡೊಂಗೊ. ಮರಿಗಳೂ ಹೆಣ್ಣುಗಳೂ ಹಳದಿ, ಬಲಿತ ಗಂಡು ನೀಲಿಯ ಮೇಲೆ ಕಪ್ಪು ಪಟ್ಟಿ. ಒಂದೇ ಮೀನು ಸಾಕಿ ಎರಡು ಬಣ್ಣ ಪಡೆಯಬಹುದು. ಇದು ಸಹಜವಾಗಿ ಇರುವುದು ಇಡೀ ಸರೋವರದಲ್ಲಿ ಒಂದೇ ಕಡೆ, ಚಿಜುಮುಲು ದ್ವೀಪದ ಬಳಿಯ ತೈವಾನ್ ರೀಫ್ ಎಂಬ ಕಲ್ಲುದಿಬ್ಬದ ಸುತ್ತ. ಅಲ್ಲಿ ಅದರ ಸ್ಥಿತಿ ಚಿಂತಾಜನಕ. ಹಾಗಾಗಿ ಸಾಕಿದ ತೊಟ್ಟಿಯಲ್ಲೇ ಹುಟ್ಟಿದ ಮರಿಗಳನ್ನೇ ತಂದೆ, ಹದಿನಾರು, ಒಂದೊಂದೂ ಮೂರು ಸೆಂಟಿಮೀಟರ್.

ಬಿಟ್ಟ ದಿನ ಅರ್ಧ ಗಂಟೆ ಒಂದೂ ಕಾಣಲಿಲ್ಲ. ಎಲ್ಲ ಕಲ್ಲಿನ ಸಂದಿಗೆ. ಆಮೇಲೆ ಒಂದು ಹೊರಬಂತು, ಓರೆಯಾಗಿ ನಿಂತು ಹಾವಸೆಯನ್ನು ಒಂದು ಸಲ ಕುಟುಕಿತು, ಉಗುಳಿತು, ಮತ್ತೆ ಕುಟುಕಿತು. ಸಂಜೆಯ ಹೊತ್ತಿಗೆ ಹದಿನಾರೂ ಅದೇ ಕೆಲಸದಲ್ಲಿದ್ದವು.

ನಾಲ್ಕನೇ ತಿಂಗಳಲ್ಲಿ ಒಂದರ ಮೈ ಮಸುಕಾಗತೊಡಗಿತು. ರೋಗವೇನೋ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಅದು ನೀಲಿಗೆ ತಿರುಗುತ್ತಿತ್ತು. ತಿರುಗಿದ ಮೇಲೆ ದೊಡ್ಡ ಕಲ್ಲಿನ ಅಡಿಯ ಗುಹೆ ಅದರ ಪಾಲು. ಅಲ್ಲಿಂದ ಶುರುವಾಯಿತು ನೋಡಿ ಅಗೆತ. ಬಾಯಿ ತುಂಬ ಮರಳು ತುಂಬಿಕೊಂಡು, ಒಂದು ಗೇಣು ಹೊರಬಂದು, ಕಿವಿರಿನಿಂದಲೂ ಸೋರಿಸುತ್ತ ಉಗುಳಿ, ತಿರುಗಿ ಒಳಗೆ. ಒಮ್ಮೆ ಗಡಿಯಾರ ಹಿಡಿದು ಎಣಿಸಿದೆ: ಹತ್ತು ನಿಮಿಷದಲ್ಲಿ ನಲವತ್ತೊಂದು ಸಲ. ವಾರದಲ್ಲಿ ಗುಹೆಯ ಬಾಯಲ್ಲಿ ಕೆಳಗಿನ ಜಾಲರಿ ಕಾಣಿಸಿತು, ಮುಂದೆ ಅರ್ಧಚಂದ್ರದಂಥ ದಿಬ್ಬ ಎದ್ದಿತು. ಜಾಲರಿ ಕಂಡರೆ ನನ್ನ 'ಸಹಜ' ಹೋಯಿತಲ್ಲ! ಭಾನುವಾರ ಮರಳು ಮತ್ತೆ ತಳ್ಳಿ ಮುಚ್ಚಿದೆ. ಸೋಮವಾರ ಬೆಳಿಗ್ಗೆ ಮತ್ತೆ ಜಾಲರಿ. ಚಪ್ಪಟೆ ಬೆಣಚು ಚೂರು ಹಾಸಿದೆ, ಸಣ್ಣವನ್ನು ಕಚ್ಚಿ ಎತ್ತಿಕೊಂಡು ಹೋಗಿ ಹೊರಗೆ ಹಾಕಿತು. ಕೊನೆಗೆ ಅದು ಎತ್ತಲಾರದಷ್ಟು ದೊಡ್ಡದೊಂದನ್ನು ಇಟ್ಟು ಸೋಲಿಸಿದೆ. ದಿಬ್ಬವನ್ನು ಮಾತ್ರ ಬಿಟ್ಟೆ, ನಾನು ಮಾಡಿದ್ದೆಲ್ಲಕ್ಕಿಂತ ಅದೇ ಚೆನ್ನಾಗಿತ್ತು.

ಹದಿನಾರರಲ್ಲಿ ಗಂಡು ಐದಾದವು. ಒಂದು ರಾಜ, ಇನ್ನೊಂದು ಬಲತುದಿಯಲ್ಲಿ ಪಾಳೆಯಗಾರ, ಮಿಕ್ಕ ಮೂರು ಬಣ್ಣ ಅಡಗಿಸಿಕೊಂಡು ಹೆಣ್ಣಿನಂತೆ ಓಡಾಡಿದವು. ಒಂದರ ಬಾಲ ಹರಿದದ್ದು ಕಂಡ ದಿನ ಎರಡನ್ನು ಹಿಡಿದು ಬೇರೆ ಮನೆಗೆ ಕಳಿಸಿದೆ. ಹಿಡಿಯುವುದಕ್ಕೆ ಬೆಳಗಿನ ಜಾವ, ದೀಪ ಹಾಕುವ ಮುಂಚೆ, ಅವು ಮೇಲೆ ತೇಲಿಕೊಂಡು ಮಂಕಾಗಿರುವಾಗ ಪ್ರಯತ್ನಿಸಬೇಕು. ಹಗಲಲ್ಲಿ ಬಲೆ ಹಾಕಿದರೆ ಕಲ್ಲೆಲ್ಲ ತೆಗೆಯಬೇಕಾಗುತ್ತದೆ. ಆಹಾರ ಸ್ಪೈರುಲಿನಾ ಪಾಚಿ ಬೆರೆತ ಹರಳು, ದಿನಕ್ಕೆರಡು ಸಲ ಚಿಟಿಕೆ. ವಾರಕ್ಕೊಮ್ಮೆ ನೂರಕ್ಕೆ ಮೂವತ್ತು ಪಾಲು ನೀರು ಬದಲು, ಹೊಸ ನೀರಿಗೆ ಸೋಡಾ ಮೊದಲೇ ಬಕೆಟ್ಟಿನಲ್ಲಿ ಕಲಸಿ. ಉಷ್ಣತೆ 26 ಡಿಗ್ರಿ. ಇಷ್ಟೇ, ಇದರಲ್ಲಿ ರಸವತ್ತಾದದ್ದು ಏನೂ ಇಲ್ಲ.

ಎಂಟನೇ ತಿಂಗಳು ಒಂದು ಹೆಣ್ಣು ಊಟಕ್ಕೆ ಬರಲಿಲ್ಲ. ಗಂಟಲ ಕೆಳಗೆ ಉಬ್ಬು, ಆಗಾಗ ಏನನ್ನೋ ಹೊರಳಿಸುವಂತೆ ದವಡೆ ಆಡಿಸುವುದು. ಬಾಯಲ್ಲಿ ಮೊಟ್ಟೆ! ಈ ಮೀನುಗಳಲ್ಲಿ ಗಂಡಿನ ಹಿಂಭಾಗದ ಕೆಳರೆಕ್ಕೆಯ ಮೇಲೆ ಮೊಟ್ಟೆಯಂಥದೇ ಹಳದಿ ಚುಕ್ಕೆ ಇರುತ್ತದೆ. ಮೊಟ್ಟೆಯನ್ನು ಬಾಯಿಗೆ ಎತ್ತಿಕೊಂಡ ಹೆಣ್ಣು ಆ ಚುಕ್ಕೆಗೂ ಬಾಯಿ ಹಾಕುತ್ತದೆ, ಆಗ ವೀರ್ಯ ಬಾಯೊಳಗೇ ಸೇರುತ್ತದೆ. ಮೂರು ವಾರ ಅದು ಏನೂ ತಿನ್ನಲಿಲ್ಲ. ಹೊಟ್ಟೆ ಒಳಸರಿಯಿತು, ಬೆನ್ನು ಚೂಪಾಯಿತು. ಬೇರೆ ತೊಟ್ಟಿಗೆ ಹಾಕಿ ಎಲ್ಲ ಮರಿ ಉಳಿಸಿಕೊಳ್ಳಿ ಎಂದು ಗೆಳೆಯ ಹೇಳಿದ. ಕಲ್ಲು ಕೀಳುವ ಮನಸ್ಸಾಗಲಿಲ್ಲ.

ಇಪ್ಪತ್ತನಾಲ್ಕನೇ ದಿನ ಬೆಳಿಗ್ಗೆ ಅದರ ಗಂಟಲು ಚಪ್ಪಟೆ. ಮರಿ ಒಂದೂ ಇಲ್ಲ. ಎಲ್ಲ ತಿಂದುಹಾಕಿದವು ಅಂದುಕೊಂಡೆ. ಮೂರು ದಿನದ ಮೇಲೆ ಮುಂದಿನ ಗಾಜು ಒರೆಸುತ್ತಿದ್ದಾಗ (ಉಳಿದ ಮೂರು ಗಾಜನ್ನು ಈಗ ಮುಟ್ಟುವುದಿಲ್ಲ) ಬೆರಳು ಹೋಗದಷ್ಟು ಕಿರಿದಾದ ಸಂದಿಯಲ್ಲಿ ಹಳದಿ ಚುಕ್ಕೆಯೊಂದು ಮಿಣಕ್ ಅಂದಿತು. ಟಾರ್ಚ್ ಹಿಡಿದೆ. ಉಗುರಿನಷ್ಟೂ ಉದ್ದವಿಲ್ಲದ ಮರಿ, ಮೈ ಓರೆ ಮಾಡಿಕೊಂಡು ಹಾವಸೆ ಕುಟುಕುತ್ತಿತ್ತು. ಹಿಂದೆ ಇನ್ನೊಂದು. ಒಟ್ಟು ಐದು ಎಣಿಸಿದೆ.

ನಿನ್ನೆ ಎಣಿಸಿದಾಗ ಮೂರೇ ಸಿಕ್ಕವು. ಮಿಕ್ಕೆರಡು ಹಿಂದಿನ ಸಂದಿಗೆ ಹೋದವೋ, ಯಾರ ಬಾಯಿಗೆ ಹೋದವೋ ನೋಡಬೇಕೆಂದರೆ ಮೇಲಿನ ಕಲ್ಲು ಎತ್ತಬೇಕು. ಎತ್ತಲಿಲ್ಲ.